45ಕ್ಕೆ 30 ಕೂಡಿದರೆ 60: ಅಂಗವಿಕಲ ಮಾಸಾಶನ, ನೌಕರಿ, ಗೃಹಲಕ್ಷ್ಮಿ ಕುರಿತ ಪ್ರಶ್ನೆಗಳು

ಪ್ರಶ್ನೆ: ನನ್ನ ಮಗನಿಗೆ ಕಾಲಿನ ಊನ ಶೇ 45, ಕಿವಿಯ ದೋಷ ಶೇ 30 ಎಂದು ವೈದ್ಯರು ಬರೆದಿದ್ದಾರೆ. ಒಟ್ಟು 75 ಆಗಬೇಕಿತ್ತಲ್ಲವೇ? ಯುಡಿಐಡಿ ಕಾರ್ಡಿನಲ್ಲಿ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) 60 ಎಂದಿದೆ, ಮಾಸಾಶನವೂ 800 ರೂಪಾಯಿ ಮಾತ್ರ ಬರುತ್ತಿದೆ.
– ಹಾವೇರಿ ಜಿಲ್ಲೆಯ ಓದುಗರು

ಉತ್ತರ: ಕಾರ್ಡಿನ ಲೆಕ್ಕ ಸರಿಯಾಗಿದೆ. ಎರಡು ಊನಗಳಿದ್ದರೆ ಅಂಕಿಗಳನ್ನು ನೇರವಾಗಿ ಕೂಡುವುದಿಲ್ಲ. ದೊಡ್ಡ ಅಂಕಿಯನ್ನು 90ರಿಂದ ಕಳೆದು, ಉಳಿದದ್ದನ್ನು ಸಣ್ಣ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಿಗೆ ಸೇರಿಸುತ್ತಾರೆ. ನಿಮ್ಮ ಮಗನಿಗೆ 90ರಲ್ಲಿ 45 ಕಳೆದರೆ 45, ಅದನ್ನು 30ರಿಂದ ಗುಣಿಸಿ 90ರಿಂದ ಭಾಗಿಸಿದರೆ 15, ಒಟ್ಟು 60. ಕರ್ನಾಟಕದಲ್ಲಿ ಶೇ 40ರಿಂದ 74ರವರೆಗೆ 800 ರೂಪಾಯಿ, 75 ಮತ್ತು ಮೇಲಿದ್ದರೆ 1,400. ಹಾಗಾಗಿ ನಿಮಗೆ ಬರುತ್ತಿರುವ ಮೊತ್ತ ಸರಿಯಾದದ್ದೇ.

ಕಾರ್ಡಿನ ಬಣ್ಣ ನೋಡಿ ಮಾಸಾಶನ ಅಂದಾಜು ಮಾಡುವವರೂ ಇದ್ದಾರೆ. ಅದು ಬೇಡ. ಹಳದಿ ಎಂದರೆ 40ರಿಂದ 80ರೊಳಗೆ, ನೀಲಿ ಎಂದರೆ 80 ಮತ್ತು ಮೇಲೆ. ಮಾಸಾಶನದ ಗೆರೆ ಇರುವುದು 75ಕ್ಕೆ. 77 ಇರುವವರ ಕಾರ್ಡು ಹಳದಿಯೇ, ಆದರೆ ಹಣ 1,400.

ಕಿವಿಯ ದೋಷ ಈಗ ಹೆಚ್ಚಿದ್ದರೆ ಯುಡಿಐಡಿ ಕಾರ್ಡಿನ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಮರುಪರಿಶೀಲನೆಗೆ ಅರ್ಜಿ ಹಾಕಿ, ಹೊಸ ಆಡಿಯೋಗ್ರಾಂ, ಅಂದರೆ ಶ್ರವಣ ಪರೀಕ್ಷೆಯ ವರದಿ, ಜೊತೆಗಿರಲಿ. ವೈದ್ಯರ ಅಳತೆಯೇ ತಪ್ಪೆನಿಸಿದರೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 59ನೇ ಸೆಕ್ಷನ್ ಅಡಿ ಮೇಲ್ಮನವಿಗೆ ಅವಕಾಶವಿದೆ. ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ ಅವರನ್ನು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ಹಿಡಿದರೆ ಅರ್ಧ ಓಡಾಟ ತಪ್ಪುತ್ತದೆ. ನಾಡಕಚೇರಿಗೆ ಏನೇ ಅರ್ಜಿ ಕೊಟ್ಟರೂ ಸಕಾಲ ಸ್ವೀಕೃತಿ ಪತ್ರ ಪಡೆಯದೆ ಹೊರಬರಬೇಡಿ.

ಪ್ರಶ್ನೆ: ಮಗಳು ಬಿ.ಕಾಂ., ದೃಷ್ಟಿದೋಷ ಶೇ 40. ಸರ್ಕಾರಿ ಹುದ್ದೆಯ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂತು, ದಾಖಲೆ ಪರಿಶೀಲನೆಯಲ್ಲಿ ಅಂಗವಿಕಲ ಮೀಸಲಾತಿ ನಿರಾಕರಿಸಿದರು. ಏಕೆ?
– ತುಮಕೂರಿನ ಓದುಗರು

ಉತ್ತರ: ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಅದಕ್ಕೂ ಮೊದಲು ಮನೆಯಲ್ಲೇ ಪ್ರಮಾಣಪತ್ರದ ದಿನಾಂಕ ನೋಡಿ. ಅರ್ಜಿಯ ಕೊನೆಯ ದಿನದ ನಂತರ ಪಡೆದ ಪ್ರಮಾಣಪತ್ರವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ತಾತ್ಕಾಲಿಕ ಪ್ರಮಾಣಪತ್ರವಾದರೆ ಅವಧಿ ಮುಗಿದಿರಬಹುದು. ಇನ್ನು ಅಧಿಸೂಚನೆಯಲ್ಲಿ ಆ ಹುದ್ದೆಯನ್ನು ಯಾವ ಊನದವರಿಗೆ ಗುರುತಿಸಿದ್ದಾರೆ ಎಂಬುದನ್ನು ಹೆಚ್ಚಿನವರು ಓದುವುದೇ ಇಲ್ಲ. ಚಲನ ವೈಕಲ್ಯದವರಿಗೆಂದು ಇಟ್ಟ ಹುದ್ದೆಗೆ ದೃಷ್ಟಿದೋಷದವರು ಮೀಸಲಾತಿ ಕೇಳಿದರೆ ಪ್ರಯೋಜನವಿಲ್ಲ. ಅರ್ಜಿಯಲ್ಲಿ ಅಂಗವಿಕಲ ಕಲಂ ಖಾಲಿ ಬಿಟ್ಟಿದ್ದರೆ ಆಮೇಲೆ ಸೇರಿಸಿಕೊಳ್ಳುವುದು ಬಲು ಕಷ್ಟ.

ರಾಜ್ಯದಲ್ಲಿ ಎ ಮತ್ತು ಬಿ ವೃಂದದ ಹುದ್ದೆಗಳಲ್ಲಿ ಶೇ 4, ಸಿ ಮತ್ತು ಡಿ ವೃಂದದಲ್ಲಿ ಶೇ 5 ಮೀಸಲಾತಿ ಇದೆ. ವಯೋಮಿತಿಯಲ್ಲಿ 10 ವರ್ಷ ಸಡಿಲಿಕೆ. ಬಿ.ಕಾಂ. ಮಾಡಿದವರಿಗೆ ಸಿ ವೃಂದದಲ್ಲೇ ಅವಕಾಶ ಹೆಚ್ಚು, ಅದನ್ನು ಬಿಡಬಾರದು. ಲಿಪಿಕಾರ, ಅಂದರೆ ಉತ್ತರ ಬರೆದುಕೊಡುವವರು, ಬೇಕಿದ್ದರೆ ಅರ್ಜಿ ತುಂಬುವಾಗಲೇ ಕೇಳಬೇಕು, ಪರೀಕ್ಷೆಯ ಹಿಂದಿನ ದಿನವಲ್ಲ. ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯವೂ ಉಂಟು. ಖಾಸಗಿ ಕೆಲಸಕ್ಕಾದರೆ ಬೆಂಗಳೂರಿನಲ್ಲಿ ಅಂಗವಿಕಲರಿಗೆಂದೇ ಇರುವ ರಾಷ್ಟ್ರೀಯ ವೃತ್ತಿ ಸೇವಾ ಕೇಂದ್ರದಲ್ಲಿ ಹೆಸರು ನೋಂದಾಯಿಸಿ.

ಪ್ರಶ್ನೆ: ನನಗೆ ಅಂಗವಿಕಲ ಮಾಸಾಶನ ಬರುತ್ತಿದೆ. ಗೃಹಲಕ್ಷ್ಮಿಯೂ ಮಂಜೂರಾಗಿದೆ ಎನ್ನುತ್ತಾರೆ, ಪಾಸ್‌ಬುಕ್ಕಿನಲ್ಲಿ ಹಣವಿಲ್ಲ. ಎರಡೂ ಕೊಡುವುದಿಲ್ಲವೇ?
– ರಾಯಚೂರು ಜಿಲ್ಲೆಯ ಓದುಗರು

ಉತ್ತರ: ಕೊಡುತ್ತಾರೆ. ಮಾಸಾಶನ ಪಡೆಯುವುದು ಗೃಹಲಕ್ಷ್ಮಿಯ 2,000 ರೂಪಾಯಿಗೆ ಅಡ್ಡಿಯಲ್ಲ. ಪಡಿತರ ಚೀಟಿಯಲ್ಲಿ ನೀವು ಯಜಮಾನಿ ಆಗಿರಬೇಕು. ನೀವಾಗಲಿ ಪತಿಯಾಗಲಿ ಆದಾಯ ತೆರಿಗೆ ಕಟ್ಟುವವರಾಗಿರಬಾರದು, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿರಬಾರದು.

ಹಣ ಬಹುಶಃ ನಿಮ್ಮದೇ ಇನ್ನೊಂದು ಖಾತೆಯಲ್ಲಿದೆ. ನೇರ ವರ್ಗಾವಣೆಯ ಹಣ ಹೋಗುವುದು ನೀವು ಅರ್ಜಿಯ ಜೊತೆ ಕೊಟ್ಟ ಪಾಸ್‌ಬುಕ್ಕಿಗಲ್ಲ, ಆಧಾರ್‌ಗೆ ಕೊನೆಯದಾಗಿ ಸೀಡ್ ಆದ, ಅಂದರೆ ಸರ್ಕಾರಿ ಹಣ ಪಡೆಯಲು ಜೋಡಣೆಯಾದ, ಬ್ಯಾಂಕಿಗೆ. ಸಾಲಕ್ಕೋ ಸಂಘದ ವ್ಯವಹಾರಕ್ಕೋ ತೆರೆದು ಮರೆತ ಖಾತೆ ಅದಾಗಿರಬಹುದು. ‘ಆಧಾರ್ ಲಿಂಕ್ ಆಗಿದೆ’ ಎಂದು ಬ್ಯಾಂಕಿನವರು ಹೇಳಿದರೆ ಅಷ್ಟಕ್ಕೇ ಎದ್ದು ಬರಬೇಡಿ. ಲಿಂಕ್ ಬೇರೆ, ಡಿಬಿಟಿಗೆ (ನೇರ ವರ್ಗಾವಣೆಗೆ) ಬ್ಯಾಂಕ್ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಸಂಸ್ಥೆಯಲ್ಲಿ ಆಗುವ ಸೀಡಿಂಗ್ ಬೇರೆ. ಮೈ ಆಧಾರ್ ತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿದರೆ ಬ್ಯಾಂಕಿನ ಹೆಸರು ಸಿಗುತ್ತದೆ. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಹಣ ಯಾವಾಗ ಜಮೆಯಾಯಿತು ಎಂಬುದು ಕಾಣುತ್ತದೆ. ಅಲ್ಲೂ ಏನೂ ಇಲ್ಲದಿದ್ದರೆ ಪಡಿತರ ಚೀಟಿಯ ಇ-ಕೆವೈಸಿ ಮತ್ತು ಆಧಾರ್‌ನಲ್ಲಿರುವ ಹೆಸರಿನ ಕಾಗುಣಿತ ತಾಳೆ ಮಾಡಿ, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋಗಿ.

ಪ್ರಶ್ನೆ: ಬುದ್ಧಿಮಾಂದ್ಯ ಮಗನಿಗೆ 18 ತುಂಬಿತು. ಅವನ ಖಾತೆ ನಾನು ನಡೆಸಲು ಬ್ಯಾಂಕು ಪೋಷಕತ್ವದ ಪತ್ರ ಕೇಳುತ್ತಿದೆ. ಹೆತ್ತ ತಾಯಿಗೂ ಪತ್ರ ಬೇಕೇ?
– ಶಿವಮೊಗ್ಗದ ಓದುಗರು

ಉತ್ತರ: ಬೇಕು. 18 ತುಂಬಿದ ದಿನದಿಂದ ಕಾನೂನಿನ ಕಣ್ಣಲ್ಲಿ ಅವನು ವಯಸ್ಕ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಂತೆ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿ ಪೋಷಕರನ್ನು ನೇಮಿಸುತ್ತದೆ. ಅರ್ಜಿಯ ವಿವರಕ್ಕೆ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಗೆ ಹೋಗಿ. ಈ ದಾರಿ ಬುದ್ಧಿಮಾಂದ್ಯತೆ, ಆಟಿಸಂ, ಮಿದುಳಿನ ಪಾರ್ಶ್ವವಾಯು, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕೆ ಮಾತ್ರ. ಮಾನಸಿಕ ಕಾಯಿಲೆಗೆ ಅನ್ವಯಿಸದು. ಅದೇ ಕಾಯ್ದೆಯಡಿ ನಿರಾಮಯ ಆರೋಗ್ಯ ವಿಮೆ ಇದೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಅದನ್ನೂ ಮಾಡಿಸಿಕೊಳ್ಳಿ. ವರ್ಷಾವರ್ಷ ನವೀಕರಿಸದಿದ್ದರೆ ಮಾತ್ರ ಅದು ನಿಂತುಹೋಗುತ್ತದೆ.