ಎಲ್ಲವೂ ಬಿಕ್ಕಟ್ಟೇನಾ?

ಪ್ರಶ್ನೆ: ನಾನು ಒಂದು ಆಹಾರ ಕಂಪನಿಯ ಸಾರ್ವಜನಿಕ ಸಂಪರ್ಕ ವಿಭಾಗಕ್ಕೆ ಹೊಸಬ. ಇಲ್ಲಿ ಯಾರೋ ಫೇಸ್‌ಬುಕ್‌ನಲ್ಲಿ ಬೈದರೂ ಕ್ರೈಸಿಸ್, ಗೋಡೌನಿಗೆ ನೀರು ನುಗ್ಗಿದರೂ ಕ್ರೈಸಿಸ್. ನಿಜವಾದ ಬಿಕ್ಕಟ್ಟು ಯಾವುದು? ಅದರಲ್ಲೂ ಬಗೆಗಳಿವೆಯಾ?

ಉತ್ತರ: ಜನ ನಿಮ್ಮ ಮೇಲಿಟ್ಟ ನಂಬಿಕೆ ಅಲುಗಾಡಿ, ಸಂಸ್ಥೆಯ ಕೆಲಸಕ್ಕೇ ಪೆಟ್ಟು ಬೀಳುವಂತಿದ್ದರೆ ಅದು ಬಿಕ್ಕಟ್ಟು. ಗೋಡೌನಿನ ನೀರು ಹೊರಹಾಕಿ ನಷ್ಟದ ಲೆಕ್ಕ ಬರೆದರೆ ಮುಗಿಯಿತು. ನೆನೆದ ಮಾಲು ಅಂಗಡಿ ಸೇರಿದೆ ಅಂತ ಗೊತ್ತಾದರೆ ಮಾತ್ರ ಕಥೆ ಬೇರೆ. ಫೇಸ್‌ಬುಕ್ ಬೈಗುಳವನ್ನೂ ಸುಮ್ನೆ ತಳ್ಳಿಹಾಕಬೇಡಿ. ಹತ್ತು ಜನ ಒಂದೇ ಬ್ಯಾಚ್ ನಂಬರ್ ಹೇಳುತ್ತಿದ್ದಾರಾ ನೋಡಿ.

ಬಗೆಗಳ ವಿಷಯಕ್ಕೆ ಬಂದರೆ, ಅಮೆರಿಕದ ತಜ್ಞ ತಿಮೋತಿ ಕೂಂಬ್ಸ್ ಮಾಡಿದ ವಿಂಗಡಣೆ ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. ಜನ ನಿಮ್ಮನ್ನು ಎಷ್ಟು ಹೊಣೆ ಮಾಡುತ್ತಾರೆ ಅನ್ನುವುದೇ ಅದರ ಅಳತೆಗೋಲು. ಪ್ರವಾಹ, ಸುಳ್ಳುಸುದ್ದಿ, ಹೊರಗಿನವರ ಕೈವಾಡದಿಂದ ಸಂಸ್ಥೆಯೂ ಏಟು ತಿಂದದ್ದು ಒಂದು ಬಗೆ. ಯಂತ್ರ ಕೆಟ್ಟು ಆದ ಅವಘಡ ಇನ್ನೊಂದು. ತಡೆಯಬಹುದಾಗಿದ್ದರೂ ತಡೆಯದೆ ಬಿಟ್ಟದ್ದು, ಗೊತ್ತಿದ್ದೂ ಮಾಡಿದ್ದು ಮೂರನೆಯದು. ಜನರ ಸಿಟ್ಟು ಜಾಸ್ತಿ ಇರುವುದು ಇಲ್ಲೇ.

ಶಿಕಾಗೋದ ಎರಡು ಘಟನೆ ನೋಡಿ. 1982ರಲ್ಲಿ ಆ ಊರಿನ ಸುತ್ತಮುತ್ತ ಟೈಲೆನಾಲ್ ಅನ್ನುವ ನೋವಿನ ಮಾತ್ರೆ ನುಂಗಿದ 7 ಜನ ಸತ್ತರು. ಯಾರೋ ಕ್ಯಾಪ್ಸೂಲಿಗೆ ಸಯನೈಡ್ ಸೇರಿಸಿದ್ದರು. ಅದನ್ನು ಮಾರುತ್ತಿದ್ದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ದೇಶದಾದ್ಯಂತ ಸುಮಾರು 3.1 ಕೋಟಿ ಬಾಟಲಿ ವಾಪಸ್ ತರಿಸಿತು. ಒಡೆದರೆ ಗೊತ್ತಾಗುವಂಥ ಸೀಲ್ ಹಾಕಿ ಮತ್ತೆ ಮಾರಾಟಕ್ಕೆ ಬಿಟ್ಟಿತು. ಜನ ಅದನ್ನು ಏಟು ತಿಂದ ಕಂಪನಿಯಾಗಿಯೇ ಕಂಡರು.

2017ರ ಏಪ್ರಿಲ್‌ನಲ್ಲಿ ಅದೇ ಊರಿನ ವಿಮಾನ ನಿಲ್ದಾಣದಲ್ಲಿ ಯುನೈಟೆಡ್ ಏರ್‌ಲೈನ್ಸ್‌ಗೆ ಸಿಬ್ಬಂದಿಗಾಗಿ 4 ಸೀಟು ಬೇಕಾದವು. ಇಳಿಯಲು ಒಪ್ಪದ ಪ್ರಯಾಣಿಕರೊಬ್ಬರನ್ನು ಸೀಟುಗಳ ನಡುವೆ ನೆಲದ ಮೇಲೆ ಎಳೆದೊಯ್ದರು. ಬಾಯಲ್ಲಿ ರಕ್ತ, ಸುತ್ತಲೂ ವಿಡಿಯೊ ಮಾಡುತ್ತಿದ್ದ ಮೊಬೈಲುಗಳು. ಮರುದಿನ ಸಿಇಒ ಕ್ಷಮೆ ಕೇಳಿದ್ದು, ಪ್ರಯಾಣಿಕರಿಗೆ 'ಬೇರೆ ವ್ಯವಸ್ಥೆ' ಮಾಡಬೇಕಾಗಿ ಬಂದಿದ್ದಕ್ಕೆ! ರಕ್ತ ನೋಡಿದವರಿಗೆ ಆ ಮಾತು ಕೇಳಿ ಮೈ ಉರಿಯದೆ ಇರುತ್ತದಾ? ಎಳೆದವರು ನಿಲ್ದಾಣದ ಭದ್ರತೆಯವರು. ಟೈಲೆನಾಲ್‌ನಂತೆ ಇಲ್ಲೂ ಕೈ ಹೊರಗಿನವರದ್ದೇ ಅಲ್ವಾ? ಆದರೂ ಇಳಿಸಲು ಹೊರಟದ್ದು ಕಂಪನಿಯೇ ಆದ್ದರಿಂದ ಜನ ಅದನ್ನೇ ಹಿಡಿದರು. ನೇರವಾಗಿ ತಪ್ಪೊಪ್ಪಿಕೊಂಡ ಹೇಳಿಕೆ ಬಂದದ್ದು ಅದರ ಮರುದಿನ.

ಹಾಗಾಗಿ ಹೇಳಿಕೆ ಬರೆಯುವ ಮೊದಲು, ನಿಮ್ಮ ಕಸ್ಟಮರ್ ಕೇರ್‌ನಲ್ಲಿ ಫೋನ್ ಎತ್ತುವವರ ಪಕ್ಕ ಅರ್ಧ ಗಂಟೆ ಕೂತು ಕೇಳಿಸಿಕೊಳ್ಳಿ. 'ಏನಾಯ್ತು?' ಅಂತ ಕೇಳುವವರಿಗೆ ಮಾಹಿತಿ ಬೇಕು. 'ನಿಮಗೆ ಮೊದಲೇ ಗೊತ್ತಿರಲಿಲ್ವಾ?' ಅನ್ನುವವರು ಜಾಸ್ತಿಯಾದರೆ ನೀವು ಮೂರನೆಯ ಬಗೆಗೆ ಬಂದಾಯಿತು. ಆಗ ಕ್ಷಮೆ ಮೊದಲ ಸಾಲಿನಲ್ಲೇ ಇರಲಿ.