ಸವಣೂರಿನ ತಮ್ಮನಿಗೆ: ಇಂಗ್ಲೆಂಡಿನಲ್ಲಿ ಗಾರ್ಡನ್ ಮತ್ತು ಮರದ ಕೆಲಸ

ತಮ್ಮಾ,

ನಿನ್ನ ಪತ್ರ ಓದಿದೆ. ತಂಗಿಗೆ, ಅಂದರೆ ನಿನ್ನ ಹೆಂಡತಿಗೆ, ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ, ನೀನು ಅವಳ ಡಿಪೆಂಡೆಂಟ್ (ಅವಲಂಬಿತ) ಆಗಿ ಹೊರಟಿದ್ದೀಯ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಅಗ್ರಿ ಮುಗಿಸಿ, ಅಲ್ಲೇ ನರ್ಸರಿ ಮತ್ತು ಬಂಗ್ಲೆಗಳ ಗಾರ್ಡನ್ ಕೆಲಸ ಮಾಡುತ್ತಿದ್ದೀಯ. ಇಂಗ್ಲೆಂಡಿನಲ್ಲಿ ಗಾರ್ಡನ್ ಮತ್ತು ಮರ ಕಡಿಯುವ ಸ್ವಂತ ಬಿಸಿನೆಸ್ ನಡೆಯುತ್ತದಾ, ಬದುಕು ಹೇಗಿರುತ್ತದೆ ಅಂತ ಕೇಳಿದ್ದೀಯ. ನಾನು ಧಾರವಾಡದ ಸಪ್ತಾಪುರದವನು. ಲಂಡನ್ನಿನ ಉತ್ತರಕ್ಕೆ ಒಂದು ಸಣ್ಣ ಊರಿನಲ್ಲಿ ಬಹಳ ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ಒಂದು ವ್ಯಾನು, ಟೊಂಗೆ ಪುಡಿ ಮಾಡುವ ಒಂದು ಚಿಪ್ಪರ್ ಯಂತ್ರ, ಇಬ್ಬರು ಹುಡುಗರು. ಇಷ್ಟರಲ್ಲೇ ಮನೆ ನಡೆದಿದೆ, ಮಕ್ಕಳು ಓದಿದ್ದಾರೆ.

ನಡೆಯುತ್ತದೆ, ಖಂಡಿತ ನಡೆಯುತ್ತದೆ. ಆದರೆ ಹಿತ್ತಲಿನಿಂದ ಶುರು ಮಾಡು, ಮರ ಆಮೇಲೆ ಹತ್ತು. ಬಂದ ಕೂಡಲೇ ಚೈನ್‌ಸಾ (ಯಂತ್ರದ ಗರಗಸ) ಕೊಂಡು ‘ಮರ ಕಡಿಯಲಾಗುವುದು’ ಅಂತ ವ್ಯಾನಿನ ಮೇಲೆ ಬರೆಸಬೇಡ. ಯಾಕೆ ಅಂತ ಹೇಳುತ್ತೇನೆ.

ಮೊದಲು ವೀಸಾ. ನಿನ್ನ ದಾರಿ ಸುಲಭ ಇದೆ. ನರ್ಸ್ ಆಗಿ ಹೆಲ್ತ್ ಅಂಡ್ ಕೇರ್ ವೀಸಾದಲ್ಲಿ ಬಂದವರ ಗಂಡ ಅಥವಾ ಹೆಂಡತಿ ಹೆಚ್ಚುಕಡಿಮೆ ಯಾವ ಕೆಲಸವನ್ನಾದರೂ ಮಾಡಬಹುದು, ಸ್ವಂತ ಉದ್ಯೋಗವನ್ನೂ ಮಾಡಬಹುದು. ಸ್ಟೂಡೆಂಟ್ ವೀಸಾದವರಿಗೆ ಈ ಅವಕಾಶ ಇಲ್ಲ. ಡಿಗ್ರಿ ಓದುವವರು ಕ್ಲಾಸು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ನೌಕರಿ ಮಾಡಬಹುದು, ಸ್ವಂತ ಧಂದೆ ಮಾಡುವಂತಿಲ್ಲ. ನಿನ್ನ ಗೆಳೆಯರು ಯಾರಾದರೂ ಎಂ.ಎಸ್ಸಿ. ಅಂತ ಬಂದು ‘ನಾನೂ ಪಾರ್ಟ್ನರ್ ಆಗ್ತೀನಿ’ ಅಂದರೆ ಬೇಡ ಅನ್ನು. ಅವರ ವೀಸಾಕ್ಕೇ ಕುತ್ತು.

ಇನ್ನು ನಿಮ್ಮ ಅಪ್ಪನ ಮಾತು. ‘ಓದಿಸಿದ್ದು ಪರದೇಶಕ್ಕೆ ಹೋಗಿ ಹುಲ್ಲು ಕೊಯ್ಯಲಿಕ್ಕಾ?’ ಅಂತ ಕೇಳಿದರು ಎಂದು ಬರೆದಿದ್ದೀಯ. ಆ ಮಾತು ನಿನಗೆ ನೋವು ಮಾಡಿದೆ ಅಂತ ಗೊತ್ತಾಗುತ್ತದೆ. ಅವರಿಗೆ ಸಮಾಧಾನವಾಗಿ ಹೇಳು: ಇಲ್ಲಿ ಗಾರ್ಡನರ್ ಅಂದರೆ ಕಲಿತ ಕಸುಬಿನವನು. ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 1804ರಲ್ಲಿ ಶುರುವಾದ ಸಂಸ್ಥೆ. ಅದು ಪರೀಕ್ಷೆ ನಡೆಸಿ ಸರ್ಟಿಫಿಕೇಟ್ ಕೊಡುತ್ತದೆ, ಸಂಜೆ ಅಥವಾ ವಾರಕ್ಕೊಂದು ದಿನ ಕ್ಲಾಸಿಗೆ ಹೋಗಿ ಕಲಿಯಬಹುದು. ಡಾಕ್ಟರು, ಲಾಯರು, ರಿಟೈರ್ ಆದ ಮೇಷ್ಟ್ರು, ಎಲ್ಲರೂ ರಜೆ ದಿನ ಮೊಣಕಾಲೂರಿ ಪಾತಿ ಮಾಡುತ್ತಾರೆ. ಅವರು ನಿನ್ನನ್ನು ಹೆಸರಿಡಿದು ಕರೆಯುತ್ತಾರೆ, ನೀನೂ ಅವರನ್ನು ಹೆಸರಿಡಿದೇ ಕರೆಯಬೇಕು. ‘ಸರ್, ಮೇಡಂ’ ಅಂದರೆ ಅವರಿಗೇ ಮುಜುಗರ. ಒರಟಾಗಿ ಮಾತಾಡುವ ಗಿರಾಕಿಯೂ ಸಿಗುತ್ತಾನೆ. ಅಂಥವರ ಕೆಲಸ ಬಿಟ್ಟುಬಿಡು, ಬೇರೆ ಬೇಕಾದಷ್ಟು ಮನೆಗಳಿವೆ. ಎರೆ ಹೊಲದಲ್ಲಿ ಬೆಳಗಿನಿಂದ ಸಂಜೆತನಕ ನಿಮ್ಮ ಅಪ್ಪ ಮಾಡಿದ್ದೂ ಕೈಕೆಲಸವೇ ಅಲ್ಲವಾ? ಅದರಲ್ಲಿ ಕೀಳು ಏನಿತ್ತು?

ಈಗ ಹಿತ್ತಲು ಮೊದಲು ಅಂದಿದ್ದು ಯಾಕೆ ಅಂದರೆ, ಇಲ್ಲಿನ ಗಿಡಗಳು ನಿನಗೆ ಗೊತ್ತಿಲ್ಲ. ಬೇವು, ಹುಣಸೆ, ಹೊಂಗೆ ಕಣ್ಣು ಮುಚ್ಚಿ ಗುರುತಿಸುತ್ತೀಯ. ಇಲ್ಲಿ ನವೆಂಬರ್ ಬಂತೆಂದರೆ ಮುಕ್ಕಾಲು ಮರಗಳಿಗೆ ಎಲೆಯೇ ಇರುವುದಿಲ್ಲ, ಮರದ ದೊಡ್ಡ ಕೆಲಸವೆಲ್ಲ ಬರುವುದು ಅದೇ ಹೊತ್ತಿಗೆ. ಆಗ ಮೊಗ್ಗು ನೋಡಿ ಗುರುತು ಹಿಡಿಯಬೇಕು. ಆ್ಯಶ್ ಮರದ ಮೊಗ್ಗು ಕಪ್ಪು. ಬೀಚ್‌ನದು ಉದ್ದ, ಚೂಪು. ಓಕ್‌ನದು ಕಡ್ಡಿಯ ತುದಿಯಲ್ಲಿ ಗುಂಪಾಗಿರುತ್ತದೆ. ಹಾರ್ಸ್ ಚೆಸ್ಟ್‌ನಟ್‌ನದು ಕೈಗೆ ಅಂಟುತ್ತದೆ. ಇದು ಪುಸ್ತಕದಿಂದ ಬರುವುದಿಲ್ಲ. ಒಂದೇ ಹಿತ್ತಲಿಗೆ ವರ್ಷಪೂರ್ತಿ ಹದಿನೈದು ದಿನಕ್ಕೊಮ್ಮೆ ಹೋಗಿ, ಅದೇ ಮರ ಚಿಗುರಿದ್ದು, ಹೂ ಬಿಟ್ಟಿದ್ದು, ಎಲೆ ಉದುರಿಸಿದ್ದು ನೋಡಿದರೆ ಮಾತ್ರ ಬರುತ್ತದೆ.

ಕತ್ತರಿಸುವ ಹೊತ್ತೂ ಬೇರೆ. ಸೇಬು, ಪೇರ್ ಚಳಿಗಾಲದಲ್ಲಿ ಕತ್ತರಿಸಬೇಕು. ಪ್ಲಮ್, ಚೆರ್ರಿ ಮಾತ್ರ ಬೇಸಿಗೆಯಲ್ಲಿ, ಇಲ್ಲದಿದ್ದರೆ ಸಿಲ್ವರ್ ಲೀಫ್ ಅನ್ನುವ ಬೂಷ್ಟಿನ ರೋಗ ಗಾಯದೊಳಗೆ ಸೇರುತ್ತದೆ. ಬೇಲಿಗೆ ಹಾಕುವ ಲೈಲ್ಯಾಂಡಿ ಅನ್ನುವ ಗಿಡವನ್ನು ಹಸಿರು ಇರುವತನಕ ಮಾತ್ರ ಕತ್ತರಿಸು. ಒಳಗಿನ ಕಂದು ಕಟ್ಟಿಗೆಗೆ ಕತ್ತರಿ ಹೋಯಿತೋ, ಅಲ್ಲಿ ಮತ್ತೆ ಚಿಗುರುವುದೇ ಇಲ್ಲ, ಗಿರಾಕಿಯ ಬೇಲಿ ಬೋಳಾಗಿಯೇ ಉಳಿಯುತ್ತದೆ. ಯೂ ಮರ ಹಾಗಲ್ಲ, ಬೋಳು ಮಾಡಿದರೂ ಚಿಗುರಿ ಬರುತ್ತದೆ. ಆದರೆ ಅದರ ಸೊಪ್ಪು ದನಕ್ಕೆ, ಕುದುರೆಗೆ ವಿಷ, ಕತ್ತರಿಸಿದ್ದನ್ನು ಪಕ್ಕದ ಹೊಲದಲ್ಲಿ ಹಾಕಬೇಡ. ಜಾಯಂಟ್ ಹಾಗ್‌ವೀಡ್ ಅಂತ ಒಂದು ಕಳೆ ಇದೆ, ಅದರ ರಸ ಮೈಗೆ ತಾಗಿ ಬಿಸಿಲು ಬಿದ್ದರೆ ಸುಟ್ಟ ಗಾಯ ಆಗುತ್ತದೆ. ಬರಿಗೈಯಿಂದ ಕೀಳಲು ಹೋಗಬೇಡ.

ನಿನ್ನ ಓದು ಇಲ್ಲಿ ವ್ಯರ್ಥ ಆಗುವುದಿಲ್ಲ. ಟೊಂಗೆ ಕತ್ತರಿಸುವಾಗ ಬುಡದ ಉಬ್ಬು ಬಿಟ್ಟು ಕತ್ತರಿಸಬೇಕು, ಕಾಂಡಕ್ಕೆ ಸಮ ಮಾಡಬಾರದು, ಆಗ ಗಾಯ ತಾನೇ ಮುಚ್ಚುತ್ತದೆ. ಇದು ಧಾರವಾಡದ ಆಪೂಸ್ ಮಾವಿಗೂ ಅದೇ, ಇಲ್ಲಿನ ಓಕ್‌ಗೂ ಅದೇ.

ಇನ್ನೊಂದು ವಿಷಯದಲ್ಲಿ ಎರೆ ನೆಲದಲ್ಲಿ ಬೆಳೆದ ನಿನಗೆ ಇಲ್ಲಿನ ಹುಡುಗರಿಗಿಂತ ಬೇಗ ತಿಳಿಯುತ್ತದೆ. ಲಂಡನ್ ಸುತ್ತಮುತ್ತ ಲಂಡನ್ ಕ್ಲೇ ಅನ್ನುವ ಜಿಗಟು ಮಣ್ಣು ಜಾಸ್ತಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ, ಥೇಟ್ ನವಲಗುಂದ, ಅಣ್ಣಿಗೇರಿ ಕಡೆಯ ಎರೆಯ ಹಾಗೆ. ಮನೆ ಪಕ್ಕ ದೊಡ್ಡ ಓಕ್ ಅಥವಾ ವಿಲೋ ಇದ್ದರೆ ಅದು ಬೇಸಿಗೆಯಲ್ಲಿ ನೆಲದ ನೀರು ಎಳೆಯುತ್ತದೆ. ಮಣ್ಣು ಇನ್ನೂ ಕುಗ್ಗುತ್ತದೆ, ಅಡಿಪಾಯ ಇಳಿಯುತ್ತದೆ, ಗೋಡೆ ಬಿರಿಯುತ್ತದೆ. ಗಾಬರಿಯಾದ ಗಿರಾಕಿ ‘ಮರ ತೆಗೆದುಬಿಡು’ ಅನ್ನುತ್ತಾನೆ. ತೆಗೆದರೆ ಆಮೇಲೆ ಮಣ್ಣು ನೀರು ಕುಡಿದು ಉಬ್ಬಿ, ಮನೆಯನ್ನು ಕೆಳಗಿನಿಂದ ಎತ್ತಬಹುದು. ಅದು ಇನ್ನೂ ದೊಡ್ಡ ತೊಂದರೆ. ಹಾಗಾಗಿ ಬಿರುಕು ಬಿಟ್ಟ ಗೋಡೆಯ ಪಕ್ಕದ ಮರಕ್ಕೆ ಎಂದೂ ಅವಸರದಲ್ಲಿ ಕೈ ಹಾಕಬೇಡ. ‘ನಿಮ್ಮ ವಿಮೆ ಕಂಪನಿಗೆ, ಇಂಜಿನಿಯರಿಗೆ ತೋರಿಸಿ’ ಅಂತ ಹೇಳಿ ಬಾ. ಒಂದು ದಿನದ ದುಡ್ಡು ಹೋಗುತ್ತದೆ, ಆದರೆ ಆ ಗಿರಾಕಿ ನಿನ್ನನ್ನು ಬಿಡುವುದಿಲ್ಲ. ನನ್ನ ಹಳೆಯ ಗಿರಾಕಿಗಳಲ್ಲಿ ಹೆಚ್ಚಿನವರು ಉಳಿದಿರುವುದು ನಾನು ಕಡಿದ ಮರಗಳಿಂದಲ್ಲ, ಕಡಿಯಬೇಡಿ ಅಂದ ಮರಗಳಿಂದ.

ಕಾನೂನೂ ಬಿಗಿ ಇದೆ. ನಮ್ಮಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದ್ದು, ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು ಅಂತ ನಿನಗೆ ಗೊತ್ತು. ಇಲ್ಲಿ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಒಂದೊಂದೇ ಮರಕ್ಕೂ ರಕ್ಷಣೆಯ ಆದೇಶ ಹೊರಡಿಸಬಹುದು. ಟ್ರೀ ಪ್ರಿಸರ್ವೇಶನ್ ಆರ್ಡರ್ ಅನ್ನುತ್ತಾರೆ. ಅಂಥ ಮರದ ಟೊಂಗೆ ಕತ್ತರಿಸಲಿಕ್ಕೂ ಅನುಮತಿ ಬೇಕು. ಕಾಪಿಟ್ಟ ಹಳೇ ಬಡಾವಣೆಗಳಲ್ಲಿ (ಕನ್ಸರ್ವೇಶನ್ ಏರಿಯಾ ಅನ್ನುತ್ತಾರೆ) ಆದೇಶ ಇಲ್ಲದ ಮರವಾದರೂ, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಾಂಡ 75 ಮಿಲಿಮೀಟರ್‌ಗಿಂತ ದಪ್ಪ ಇದ್ದರೆ, ಆರು ವಾರ ಮೊದಲೇ ಕೌನ್ಸಿಲ್‌ಗೆ ತಿಳಿಸಬೇಕು. ರಕ್ಷಣೆ ಇರುವ ಮರ ಕಡಿದರೆ ಮನೆ ಮಾಲೀಕನಷ್ಟೇ ಅಲ್ಲ, ಕಡಿದವನ ಮೇಲೂ ಕೇಸು, ದಂಡಕ್ಕೆ ಮೇಲ್ಮಿತಿ ಇಲ್ಲ. ‘ನಮ್ಮದೇ ಮರ, ಕಡಿಯಪ್ಪಾ’ ಅಂತ ಗಿರಾಕಿ ಎಷ್ಟೇ ಹೇಳಲಿ, ಕೌನ್ಸಿಲ್‌ನಲ್ಲಿ ನೀನೇ ವಿಚಾರಿಸು. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಹಕ್ಕಿ ಗೂಡು ಕಟ್ಟುವ ಕಾಲ. ಗೂಡಿದ್ದರೆ ಬೇಲಿಗೂ ಕೈ ಹಚ್ಚುವಂತಿಲ್ಲ, 1981ರ ವನ್ಯಜೀವಿ ಕಾನೂನು ಇದೆ. ಬಾವಲಿ ವಾಸ ಮಾಡುವ ಪೊಟರೆಗೆ ವರ್ಷಪೂರ್ತಿ ರಕ್ಷಣೆ, ಆ ಹೊತ್ತಿಗೆ ಬಾವಲಿ ಒಳಗೆ ಇಲ್ಲದಿದ್ದರೂ.

ಇದೆಲ್ಲ ಅತಿಯಾಯಿತು ಅಂತ ನಿನಗೆ ಅನ್ನಿಸದು, ನೀನು ಸವಣೂರಿನವನು. ದೊಡ್ಡಹುಣಸೆ ಮಠದ ಮೂರು ಬಾವೊಬಾಬ್ ಮರಗಳಲ್ಲಿ ಒಂದು 2023ರ ಮಳೆಗೆ ಬಿದ್ದಾಗ ಅದನ್ನು ಸೌದೆ ಮಾಡದೆ ಮತ್ತೆ ಎತ್ತಿ ನೆಟ್ಟ ಊರು ನಿಮ್ಮದು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಉತ್ತರ ಇಂಗ್ಲೆಂಡಿನಲ್ಲಿ, ರೋಮನ್ನರ ಕಾಲದ ಹೇಡ್ರಿಯನ್ ಗೋಡೆಯ ಪಕ್ಕದ ಒಂಟಿ ಸಿಕಮೋರ್ ಮರವನ್ನು ಇಬ್ಬರು ರಾತ್ರಿ ಹೋಗಿ ಕಡಿದು ಹಾಕಿದರು. ಇಡೀ ದೇಶ ಸಂಕಟಪಟ್ಟಿತು. 2025ರಲ್ಲಿ ಇಬ್ಬರಿಗೂ 4 ವರ್ಷ 3 ತಿಂಗಳ ಜೈಲಾಯಿತು. ಮರದ ಮೇಲೆ ಇಷ್ಟು ಪ್ರೀತಿ ಇರುವ ಜನರ ಹಿತ್ತಲಿಗೆ ನೀನು ಗರಗಸ ಹಿಡಿದು ಹೋಗುವವನು.

ಮರ ಹತ್ತುವ ವಿಷಯ ಬಂದರೆ ನಾನು ಸ್ವಲ್ಪ ಕಟ್ಟುನಿಟ್ಟು. ಊರಲ್ಲಿ ಲುಂಗಿ ಎತ್ತಿ ಕಟ್ಟಿ, ಕೊಡಲಿ ಹೆಗಲಿಗೆ ಹಾಕಿ, ಬರಿಗಾಲಲ್ಲಿ ತೆಂಗು ಹತ್ತುವವರನ್ನು ನೋಡಿ ಬೆಳೆದವರು ನಾವು. ಆ ಧೈರ್ಯ ಇಲ್ಲಿ ತರಬೇಡ. ಚೈನ್‌ಸಾ ಹಿಡಿದು ಹಣಕ್ಕೆ ಕೆಲಸ ಮಾಡಬೇಕೆಂದರೆ ತರಬೇತಿ ಆಗಿರಬೇಕು. ಸಿಟಿ ಅಂಡ್ ಗಿಲ್ಡ್ಸ್ ಅಥವಾ ಲ್ಯಾಂಟ್ರಾ ಅನ್ನುವ ಸಂಸ್ಥೆಗಳ ಸರ್ಟಿಫಿಕೇಟನ್ನು ಎಲ್ಲರೂ ಕೇಳುತ್ತಾರೆ. ಮೊದಲು ಗರಗಸದ ಮೇಂಟೆನೆನ್ಸ್ ಮತ್ತು ಬಿದ್ದ ಮರ ತುಂಡು ಮಾಡುವುದು, ಆಮೇಲೆ ಸಣ್ಣ ಮರ ಕೆಡವುವುದು, ಆಮೇಲೆ ಹಗ್ಗದಲ್ಲಿ ಹತ್ತುವುದು, ಮೇಲೆ ಗಾಯಗೊಂಡವನನ್ನು ಇಳಿಸುವುದು, ಕೊನೆಗೆ ಮೇಲೆ ನಿಂತು ಗರಗಸ ಹಿಡಿಯುವುದು. ಹತ್ತುವವನು ಎಂದೂ ಒಬ್ಬನೇ ಇರಬಾರದು, ಅವನನ್ನು ಇಳಿಸಲು ಬರುವ ಇನ್ನೊಬ್ಬ ಕೆಳಗೆ ಇರಲೇಬೇಕು. ಹಗ್ಗ, ಬೆಲ್ಟು ಆರು ತಿಂಗಳಿಗೊಮ್ಮೆ ಬಲ್ಲವರಿಂದ ತಪಾಸಣೆ ಆಗಬೇಕು. ಹತ್ತುವವನ ಪ್ಯಾಂಟು ಸುತ್ತಲೂ ರಕ್ಷಣೆ ಇರುವ ಟೈಪ್ ಸಿ ಆಗಿರಬೇಕು, ನೆಲದ ಮೇಲಿನವನಿಗೆ ಮುಂಭಾಗಕ್ಕೆ ರಕ್ಷಣೆ ಇರುವ ಟೈಪ್ ಎ ಸಾಕು.

ಆ್ಯಶ್ ಮರದ ಬಗ್ಗೆ ಒಂದು ಮಾತು. 2012ರಲ್ಲಿ ಈ ದೇಶದಲ್ಲಿ ಆ್ಯಶ್ ಡೈಬ್ಯಾಕ್ ಅನ್ನುವ ರೋಗ ಕಂಡುಬಂತು. ಎಲ್ಲೆಡೆ ಆ ಮರಗಳು ತುದಿಯಿಂದ ಒಣಗುತ್ತಿವೆ. ಒಣಗಿದ ಆ್ಯಶ್ ಯಾವಾಗ ಪಟ್ಟಂತ ಮುರಿಯುತ್ತದೆ ಹೇಳಲಾಗದು. ಅದನ್ನು ಹತ್ತುವುದು ಬೇಡವೇ ಬೇಡ, ಬಾಡಿಗೆಗೆ ಲಿಫ್ಟ್ ತಂದು ಬುಟ್ಟಿಯಲ್ಲಿ ನಿಂತು ಕತ್ತರಿಸಬೇಕು. ಇದರ ಕೆಲಸ ಬಹಳ ಇದೆ, ದುಡ್ಡೂ ಇದೆ. ಹೊಸಬರು ಬೀಳುವುದೂ ಇದರ ಆಸೆಗೇ.

ಕಾಗದಪತ್ರ ಅಷ್ಟೇನೂ ಕಷ್ಟ ಇಲ್ಲ. ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ ತೆರಿಗೆ ವರ್ಷ. ವರ್ಷಕ್ಕೆ 1,000 ಪೌಂಡ್ ಮೀರಿ ವ್ಯವಹಾರ ಆದರೆ ತೆರಿಗೆ ಇಲಾಖೆಯಲ್ಲಿ ಅಕ್ಟೋಬರ್ 5ರೊಳಗೆ ಹೆಸರು ನೋಂದಾಯಿಸಬೇಕು, ಜನವರಿ 31ಕ್ಕೆ ಲೆಕ್ಕ ಕೊಟ್ಟು ತೆರಿಗೆ ಕಟ್ಟಬೇಕು. ಬಂದ ದುಡ್ಡಲ್ಲಿ ತೆರಿಗೆಯ ಪಾಲನ್ನು ಆಗಲೇ ಬೇರೆ ಖಾತೆಗೆ ಹಾಕು. ನಮ್ಮ ಕೆಲಸದಿಂದ ಬೇರೆಯವರಿಗೆ ಪೆಟ್ಟು, ನಷ್ಟ ಆದರೆ ತುಂಬಿಕೊಡುವ ಪಬ್ಲಿಕ್ ಲೈಬಿಲಿಟಿ ವಿಮೆ ಇಲ್ಲದೆ ಒಂದು ದಿನವೂ ಕೆಲಸಕ್ಕೆ ಹೋಗಬೇಡ. ಒಬ್ಬ ಹುಡುಗನನ್ನು ಇಟ್ಟುಕೊಂಡರೂ ಮಾಲೀಕನಾಗಿ ನೀನು ಕಾನೂನಿನ ಪ್ರಕಾರ ಬೇರೆ ವಿಮೆ ಮಾಡಿಸಬೇಕು. ಗಿರಾಕಿಯ ಹಿತ್ತಲಿನ ಕಸ ವ್ಯಾನಿನಲ್ಲಿ ಒಯ್ಯಲಿಕ್ಕೂ ನೋಂದಣಿ ಇದೆ, ಮನೆ ಕಸ ಹಾಕುವ ಕೌನ್ಸಿಲ್ ಜಾಗದಲ್ಲಿ ಧಂದೆಯ ಕಸ ಸುಮ್ನೆ ಸುರಿಯಲು ಬಿಡುವುದಿಲ್ಲ. ರೇಟು ಹೇಳುವಾಗ ಆ ಖರ್ಚನ್ನೂ ಸೇರಿಸು. ದುಡ್ಡಿಗೆ ಕಳೆನಾಶಕ ಹೊಡೆಯಬೇಕಾದರೆ ಅದಕ್ಕೂ ಸರ್ಟಿಫಿಕೇಟ್ ಬೇಕು.

ಬದುಕು ಹೇಗೆ ಅಂತ ಕೇಳಿದ್ದೀಯ. ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಪುರುಸೊತ್ತಿಲ್ಲ, ಹುಲ್ಲು ನಿಲ್ಲದೆ ಬೆಳೆಯುತ್ತದೆ. ಡಿಸೆಂಬರ್‌ನಲ್ಲಿ ಬೆಳಗಿನ ಎಂಟಕ್ಕೆ ಬೆಳಕು, ಸಂಜೆ ನಾಲ್ಕಕ್ಕೆ ಕತ್ತಲು. ಚಳಿಗಿಂತ ಆ ಕತ್ತಲೇ ನಮ್ಮವರನ್ನು ಕುಗ್ಗಿಸುತ್ತದೆ. ತಂಗಿಗೆ ನೈಟ್ ಡ್ಯೂಟಿ ಇರುತ್ತದೆ, ನಿನಗೆ ಹಗಲು ಕೆಲಸ. ಒಬ್ಬರ ಮುಖ ಒಬ್ಬರು ನೋಡದ ವಾರಗಳು ಬರುತ್ತವೆ. ವಾರದಲ್ಲಿ ಒಂದು ದಿನ ಯಾವ ಗಿರಾಕಿ ಕರೆದರೂ ಹೋಗಬೇಡ, ಅವಳ ಜೊತೆ ಇರು. ಜೋಳದ ಹಿಟ್ಟು ಗುಜರಾತಿಗಳ ಅಂಗಡಿಯಲ್ಲಿ ಸಿಗುತ್ತದೆ. ಬ್ಯಾಡಗಿ ಮೆಣಸಿನಕಾಯಿ ಊರಿಂದಲೇ ತಾ.

ನಿನ್ನ ಗಿರಾಕಿಗಳಲ್ಲಿ ಒಂಟಿ ಮುದುಕರು ಜಾಸ್ತಿ ಇರುತ್ತಾರೆ. ಕೆಲವರಿಗೆ ಆ ವಾರ ಮನೆಗೆ ಬಂದ ಮನುಷ್ಯ ನೀನೊಬ್ಬನೇ ಆಗಿರಬಹುದು. ಚಹಾ ಕೊಟ್ಟರೆ ಕುಡಿ, ಐದು ನಿಮಿಷ ಕೂತು ಮಾತಾಡು, ಆ ಹೊತ್ತಿಗೆ ದುಡ್ಡು ಹಿಡಿಯಬೇಡ. ಒಮ್ಮೆ ಒಬ್ಬ ಅಜ್ಜಿ ಬಾಗಿಲು ತೆಗೆಯದೆ ಇದ್ದಾಗ ನಮ್ಮ ಹುಡುಗನೇ ಆಂಬುಲೆನ್ಸ್ ಕರೆದ. ಕಾಲು ಮುರಿದುಕೊಂಡು ಅಡುಗೆ ಮನೆಯಲ್ಲಿ ಬಿದ್ದಿದ್ದರು, ಉಳಿದರು. ಈ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಈ ನಂಟು.

ಬರುವ ಮುಂಚೆ ಊರಲ್ಲಿ ಕಾರು ಚೆನ್ನಾಗಿ ಓಡಿಸಿ ಕೈ ಪಳಗಿಸು. ನಮ್ಮ ಲೈಸೆನ್ಸ್ ಇಲ್ಲಿ 12 ತಿಂಗಳು ನಡೆಯುತ್ತದೆ, ಅಷ್ಟರಲ್ಲಿ ಇಲ್ಲಿನ ಪರೀಕ್ಷೆ ಪಾಸಾಗಬೇಕು. ವ್ಯಾನ್ ಇಲ್ಲದೆ ಈ ಧಂದೆ ಇಲ್ಲ. ಮೊದಲ ವರ್ಷ ಯಾರಾದರೂ ಒಳ್ಳೆಯ ಮರದ ಕೆಲಸದವರ ಕೈಕೆಳಗೆ ನೆಲದ ಮೇಲೆ ದುಡಿ. ಟೊಂಗೆ ಎಳೆ, ಚಿಪ್ಪರ್‌ಗೆ ಹಾಕು, ಹಗ್ಗ ಹಿಡಿ. ಉಳಿದ ದಿನ ಒಂದೇ ಓಣಿಯಲ್ಲಿ ನಾಲ್ಕಾರು ಹಿತ್ತಲು ಹಿಡಿದುಕೋ, ದೂರದೂರದ ಮನೆ ಒಪ್ಪಿಕೊಂಡರೆ ದುಡಿದದ್ದೆಲ್ಲ ಡೀಸೆಲ್‌ಗೆ ಹೋಗುತ್ತದೆ.

ನೀವು ಬರುವ ಊರು ನನ್ನಿಂದ ದೂರ ಇಲ್ಲದಿದ್ದರೆ ನನ್ನ ಹತ್ತಿರವೇ ಬಾ, ಸಂಬಳ ಕೊಡುತ್ತೇನೆ. ಇಳಿದ ಮೇಲೆ ಆನ್‌ಲೈನ್ ವೀಸಾದಿಂದ ಶೇರ್ ಕೋಡ್ (ನಿನಗೆ ಕೆಲಸದ ಹಕ್ಕಿದೆ ಅಂತ ತೋರಿಸುವ ಸಂಕೇತ) ತೆಗೆದು ಕಳಿಸು, ಅದನ್ನು ನೋಡದೆ ನಾನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಚೈನ್‌ಸಾ ಬೂಟು ಬಹಳ ದುಬಾರಿ, ನೀನು ಕೊಳ್ಳಬೇಡ, ನಾನು ತರಿಸುತ್ತೇನೆ. ಕಾಲಿನ ಅಳತೆ ಮಾತ್ರ ಬರೆದು ಕಳಿಸು.