2023ರ ಟೊಮೆಟೊ ರೇಟು ತಲೆಯಿಂದ ಯಾಕೆ ಹೋಗುವುದಿಲ್ಲ?

ಪ್ರಶ್ನೆ: ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಟೊಮೆಟೊ ಬೆಳೆಯುತ್ತೇನೆ. ಕೋಲಾರದ ಮಂಡಿಯಲ್ಲಿ ಹರಾಜು ಕೂಗುವಾಗ ಐದಾರು ರೇಟು ಕೇಳುವಷ್ಟರಲ್ಲಿ ಮೊದಲನೆಯದು ಮರೆತುಹೋಗುತ್ತದೆ. ಆದರೆ 2023ರ ಜುಲೈ ರೇಟು ಮಾತ್ರ ಅಚ್ಚೊತ್ತಿದ ಹಾಗಿದೆ. ಸಸಿ ನೆಡುವ ಮುಂಚೆ ಅದೇ ಯೋಚನೆ, ನಿದ್ದೆ ಬರುವುದಿಲ್ಲ. ವಯಸ್ಸು 46. ಮರೆವಿನ ಕಾಯಿಲೆ ಶುರುವಾಗಿದೆಯಾ ಸಾರ್?
– ಒಬ್ಬ ರೈತ

ಉತ್ತರ: ನೀವು ಬರೆದಿರುವುದರಲ್ಲಿ ಕಾಯಿಲೆಯ ಲಕ್ಷಣ ನನಗೆ ಕಾಣುತ್ತಿಲ್ಲ. ಗೊತ್ತಿರುವ ದಾರಿ ತಪ್ಪುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು ಇದ್ದರೆ ಮಾತ್ರ ತಡಮಾಡದೆ ಡಾಕ್ಟರಿಗೆ ತೋರಿಸಿ.

ಆ ಕ್ಷಣಕ್ಕೆ ಬೇಕಾದ್ದನ್ನು ಮನಸ್ಸಿನಲ್ಲಿ ಹಿಡಿದುಕೊಳ್ಳುವ ಜಾಗ ಎಲ್ಲರಿಗೂ ಚಿಕ್ಕದೇ. 1956ರಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಅದನ್ನು ಸುಮಾರು ಏಳು ಸಂಗತಿ ಎಂದರು. 2001ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ ನಾಲ್ಕರ ಆಸುಪಾಸು ಎಂದರು. ಹರಾಜಿನ ಗದ್ದಲದಲ್ಲಿ ಹೊಸ ರೇಟು ಬಂದಂತೆ ಹಳೆಯದು ಜಾರುತ್ತದೆ. ಅಲ್ಲೇ ಚೀಟಿಯಲ್ಲಿ ಗೀಚಿಕೊಳ್ಳಿ, ಸಾಕು.

ನನಗೆ ಹೆಚ್ಚು ಮುಖ್ಯ ಅನಿಸುವುದು ನಿಮ್ಮ ಎರಡನೇ ಮಾತು. ಆ ಜುಲೈನಲ್ಲಿ 15 ಕೆ.ಜಿ. ಬಾಕ್ಸು 2 ಸಾವಿರ ರೂಪಾಯಿ ದಾಟಿತ್ತು. ಊರೆಲ್ಲ ಅದೇ ಮಾತು. ಖುಷಿಯೋ ಭಯವೋ ಜೋರಾಗಿದ್ದಾಗ ಅಮಿಗ್ಡಲ ಎಂಬ ಮಿದುಳಿನ ಭಾಗ ಆ ನೆನಪನ್ನು ಗಟ್ಟಿ ಮಾಡುತ್ತದೆ. ಸಾಧಾರಣ ರೇಟಿಗೆ ಮಾರಿ ಬಂದ ದಿನಗಳು ಹಾಗೆ ಉಳಿಯುವುದಿಲ್ಲ, ಅಲ್ವಾ? ಮುಂದೆ ಏನಾಗುತ್ತದೋ ತಿಳಿಯದಿದ್ದಾಗ ಮಿದುಳು ನೆನಪಿಗೆ ಸುಲಭವಾಗಿ ಬಂದದ್ದನ್ನೇ ಆಗುವ ಸಾಧ್ಯತೆ ಜಾಸ್ತಿ ಎಂದು ಅಂದಾಜು ಹಾಕುತ್ತದೆ. ಟ್ವೆರ್‌ಸ್ಕಿ, ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು 1973ರಲ್ಲೇ ತೋರಿಸಿದರು. ಅಂದರೆ ಸಸಿ ನೆಡುವಾಗ ನಿಮ್ಮ ತಲೆ ಹತ್ತು ವರ್ಷದ ಲೆಕ್ಕ ನೋಡುತ್ತಿಲ್ಲ, ಒಂದು ತಿಂಗಳನ್ನು ನೋಡುತ್ತಿದೆ. ಮನೆಯಲ್ಲಿ ಹಳೆಯ ಮಂಡಿ ಚೀಟಿಗಳಿದ್ದರೆ ದಯವಿಟ್ಟು ಹುಡುಕಿ ತೆಗೆಯಿರಿ. ಯಾವ ತಿಂಗಳು, ಎಷ್ಟು ಬಾಕ್ಸು, ಕಮಿಷನ್, ಬಾಡಿಗೆ ಕಳೆದು ಕೈಗೆ ಬಂದದ್ದೆಷ್ಟು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಲಾಸ್ ಆದ ವರ್ಷಗಳನ್ನು ಬಿಡಬೇಡಿ, ತಲೆ ಮೊದಲು ಬಿಡುವುದು ಅವನ್ನೇ ಇರಬಹುದು.

ಇನ್ನು ನಿದ್ದೆ. 2016ರಲ್ಲಿ ಲಂಡನ್ನಿನ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಕೈಗೆ ಸಣ್ಣ ಶಾಕ್ ಬಂದೇ ಬರುತ್ತದೆ ಎಂದು ಗೊತ್ತಿದ್ದಾಗಿನ ಒತ್ತಡಕ್ಕಿಂತ, ಬರುವುದೂ ಬರದಿರುವುದೂ ಐವತ್ತು–ಐವತ್ತು ಎಂದಿದ್ದಾಗ ಒತ್ತಡ ಜಾಸ್ತಿ ಇತ್ತು. ನೀವು ನೆಟ್ಟ ಮೇಲೆ ಎರಡು ತಿಂಗಳಿಗೂ ಹೆಚ್ಚು ಕಾಲ ಅದೇ ಸ್ಥಿತಿಯಲ್ಲಿ ಕಳೆಯುತ್ತೀರಿ. ರೇಟು ನಿಮ್ಮ ಕೈಯಲ್ಲಿಲ್ಲ. ಎಷ್ಟು ಲಾಸ್ ತಡೆದುಕೊಳ್ಳಬಲ್ಲಿರಿ ಎಂಬುದು ನಿಮಗೆ ಗೊತ್ತಾಗುವ ವಿಷಯ. ಮನೆಯವರ ಜೊತೆ ಕೂತು ಆ ಮೊತ್ತ ಬರೆದಿಟ್ಟು, ಅದಕ್ಕೆ ತಕ್ಕಷ್ಟೇ ಜಮೀನಿಗೆ ಟೊಮೆಟೊ ಹಾಕಿ. ಅಷ್ಟಾದರೂ ನಿದ್ದೆ ಬರದಿದ್ದರೆ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು.